ಕಡಿಮೆ ದುಡ್ಡಿನ ಬಣ್ಣ, ಮನೆಯಲ್ಲಿರುವ ಕಾಗದ

ಕೇಳುಗರಿಗೆ ನಮಸ್ಕಾರ. ನಿಮ್ಮ ಹತ್ತಿರ ಒಂದು ಎ4 ಹಾಳೆ, ಒಂದು ಕತ್ತರಿ ಇದ್ದರೆ ತೆಗೆದು ಪಕ್ಕದಲ್ಲಿಟ್ಟುಕೊಳ್ಳಿ. ಒಂದು ಕಡೆ ಬರೆದು ಬಿಟ್ಟ ಹಾಳೆಯಾದರೂ ಸರಿ. ಮಾತಿನ ನಡುವೆ ಎಲ್ಲರೂ ಸೇರಿ ಅದರಲ್ಲಿ ಒಂದು ಪುಟ್ಟ ಪುಸ್ತಕ ಮಾಡೋಣ.

ಇವತ್ತು ನಾನು ಮಾತಾಡಬೇಕೆಂದಿರುವುದು ಅಗ್ಗದ ಚಿತ್ರಕಲಾ ಸಾಮಾನಿನ ಬಗ್ಗೆ. ಶಾಲೆಯ ಮುಂದಿನ ಅಂಗಡಿಯಲ್ಲಿ ಸಿಗುವ ಬಣ್ಣದ ಬಿಲ್ಲೆ, ಸ್ಕೆಚ್ ಪೆನ್ನು, ಕ್ರೇಯಾನ್, ಡ್ರಾಯಿಂಗ್ ಶೀಟು. ಜೊತೆಗೆ ಮನೆಯಲ್ಲೇ ಬಿದ್ದಿರುವ ಕಾಗದ ಮತ್ತು ರಟ್ಟು.

ದುಬಾರಿ ಬಣ್ಣದ ಪೆಟ್ಟಿಗೆ ಮನೆಗೆ ಬಂದರೆ ಏನಾಗುತ್ತದೆ ಅಂತ ಎಷ್ಟೋ ಮನೆಗಳಲ್ಲಿ ನೋಡಿದ್ದೇನೆ. "ಹಾಳು ಮಾಡಬೇಡ, ಜೋಪಾನ" ಅನ್ನುವ ಮಾತೂ ಅದರ ಜೊತೆಗೇ ಬರುತ್ತದೆ. ಮಗು ಎರಡು ಗೆರೆ ಎಳೆದು ಹೆದರಿ ನಿಲ್ಲುತ್ತದೆ. ಪೆಟ್ಟಿಗೆ ಬೀರು ಸೇರುತ್ತದೆ. ದೊಡ್ಡವರ ಕಥೆಯೂ ಅಷ್ಟೇ. ಒಳ್ಳೆಯ ಚಿತ್ರ ಬಂದ ಮೇಲೆ ಈ ಬಣ್ಣ ಬಳಸೋಣ ಅಂತ ಕಾಯುತ್ತಾರೆ. ಬಳಸದೆ ಒಳ್ಳೆಯ ಚಿತ್ರ ಬರುವುದು ಹೇಗೆ? ಕೈ ಓಡಬೇಕಾದರೆ ಹಾಳೆಗಳು ಖರ್ಚಾಗಬೇಕು. ಖರ್ಚಾದರೂ ಹೊಟ್ಟೆ ಉರಿಯಬಾರದು. ಅದಕ್ಕೆ ಅಗ್ಗದ ಸಾಮಾನೇ ಸರಿ.

ಹಾಗಂತ ಅಗ್ಗದ್ದೆಲ್ಲ ಒಂದೇ ಅಲ್ಲ. ಕೆಲವು ನಿಜಕ್ಕೂ ಒಳ್ಳೆಯವು. ಕೆಲವು ಕಲಿಯುವವರ ಉತ್ಸಾಹವನ್ನೇ ಕೊಲ್ಲುತ್ತವೆ. ನೀರು ಬಿದ್ದ ತಕ್ಷಣ ಕಾಗದ ಮುದುಡಿ, ಉಜ್ಜಿದರೆ ಹಿಂಜಿಕೊಂಡು ಬಂದರೆ, ತನಗೆ ಚಿತ್ರ ಬರುವುದಿಲ್ಲ ಅಂತ ಮಗು ತೀರ್ಮಾನ ಮಾಡಿಬಿಡುತ್ತದೆ. ತಪ್ಪು ಇರುವುದು ಕಾಗದದಲ್ಲಿ, ಮಗುವಿನ ಕೈಯಲ್ಲಿ ಅಲ್ಲ. ಹೀಗೆ ಚಿತ್ರ ಬಿಟ್ಟವರನ್ನು ನೆನೆದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಅದಕ್ಕೇ ನಾನು ಹೇಳುವುದು, ಕೈಯಲ್ಲಿ ಸ್ವಲ್ಪವೇ ದುಡ್ಡಿದ್ದರೆ ಮೊದಲ ಪಾಲು ಕಾಗದಕ್ಕೆ ಹೋಗಲಿ. ಎರಡನೆಯದು ಒಂದು ಕುಂಚಕ್ಕೆ. ಬಣ್ಣ ಆಮೇಲೆ. ಸಾಧಾರಣ ಬಣ್ಣ ಒಳ್ಳೆಯ ಕಾಗದದ ಮೇಲೆ ಚೆನ್ನಾಗಿಯೇ ಕೂರುತ್ತದೆ. ಕೆಟ್ಟ ಕಾಗದದ ಮೇಲೆ ಎಂಥ ಬಣ್ಣವೂ ಕೆಟ್ಟದಾಗಿಯೇ ಕಾಣುತ್ತದೆ.

ಕಾಗದ ಕೊಳ್ಳುವಾಗ ಕೇಳಬೇಕಾದ ಮಾತು ಜಿಎಸ್‌ಎಂ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅನ್ನುವುದರ ಲೆಕ್ಕ ಇದು. ಝೆರಾಕ್ಸ್ ಅಂಗಡಿಯ ಹಾಳೆ ಸಾಮಾನ್ಯವಾಗಿ 70ರಿಂದ 80 ಜಿಎಸ್‌ಎಂ. ಪೆನ್ಸಿಲ್, ಸ್ಕೆಚ್ ಪೆನ್ನಿಗೆ, ಮಡಿಸುವ ಕೆಲಸಕ್ಕೆ ಅದು ಸಾಕು. ನೀರು ಬಣ್ಣಕ್ಕೆ ಸಾಲದು. ಅದಕ್ಕೆ ಕಡೇಪಕ್ಷ 200 ಇರಲಿ. 300 ಸಿಕ್ಕಿದರೆ ಹಾಳೆ ಅಷ್ಟಾಗಿ ಮುದುಡುವುದಿಲ್ಲ. ಮಾಮೂಲಿ ಡ್ರಾಯಿಂಗ್ ಶೀಟು ಝೆರಾಕ್ಸ್ ಹಾಳೆಗೂ ಈ ದಪ್ಪ ಹಾಳೆಗೂ ನಡುವೆ ಬರುತ್ತದೆ. ಅದರ ಮೇಲೆ ತೆಳುವಾಗಿ ಒಂದು ಪದರ ಬಣ್ಣ ಹಚ್ಚಬಹುದು. ಮತ್ತೆ ಮತ್ತೆ ಉಜ್ಜಿದರೆ ಮೇಲ್ಮೈ ಎದ್ದು ಬರುತ್ತದೆ. ನಾಲ್ಕೂ ಅಂಚಿಗೆ ಟೇಪ್ ಹಾಕಿ ಹಲಗೆಗೆ ಅಂಟಿಸಿಕೊಂಡರೆ ಇದರಲ್ಲೂ ಒಳ್ಳೆಯ ಕೆಲಸ ಮಾಡಬಹುದು. ಒಣಗಿದ ಮೇಲೇ ಟೇಪ್ ಬಿಚ್ಚಬೇಕು. ಕಾಗದಕ್ಕೆ ಓರೆಯಾಗಿ, ನಿಧಾನವಾಗಿ.

ದಪ್ಪ ಹಾಳೆಗೆ ಅಂಗಡಿಗೇ ಹೋಗಬೇಕೆಂದಿಲ್ಲ. ನಮ್ಮ ಮನೆಗಳಲ್ಲಿ ಒಂದು ದೊಡ್ಡ ಕಾಗದದ ಭಂಡಾರ ಇದೆ, ಲಗ್ನಪತ್ರಿಕೆಗಳು. ಮದುವೆಯ ತಿಂಗಳುಗಳು ಮುಗಿಯುವ ಹೊತ್ತಿಗೆ ಟೀವಿಯ ಹಿಂದೆ, ದೇವರ ಮನೆಯ ಮೂಲೆಯಲ್ಲಿ ಒಂದು ಕಟ್ಟು ಸೇರಿರುತ್ತದೆ. ಎಷ್ಟು ಗಟ್ಟಿ ಕಾಗದ ಅದು! ಹಿಂಬದಿ ಎಷ್ಟೋ ಸಲ ಖಾಲಿ ಇರುತ್ತದೆ. ಹೊಳಪಿನ ಲೇಪ ಇಲ್ಲದ ಕಡೆ ನೀರು ಬಣ್ಣವನ್ನೂ ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ. ಪುಸ್ತಕದ ರಕ್ಷಾಪುಟ, ಪುಟ್ಟ ಡಬ್ಬಿ, ಪುಟಗುರುತಿನ ಪಟ್ಟಿ ಎಲ್ಲಕ್ಕೂ ಬರುತ್ತದೆ. ಹೆಸರುಗಳಿರುವ ಪುಟವನ್ನು ಕತ್ತರಿಸಲು ಮನಸ್ಸು ಬಾರದಿದ್ದರೆ ಅದನ್ನು ಎತ್ತಿಟ್ಟು ಉಳಿದದ್ದನ್ನು ಬಳಸಿ. ಬೆಂಗಳೂರಿನವರು ಹೊಸ ಕಾಗದವೇ ಬೇಕೆಂದರೆ ಅವೆನ್ಯೂ ರಸ್ತೆ, ಸುಲ್ತಾನ್‌ಪೇಟೆಯ ಕಡೆ ಒಂದು ಸುತ್ತು ಹೋಗಿ ಬನ್ನಿ. ಕಾಗದ, ಲಗ್ನಪತ್ರಿಕೆ, ಸ್ಟೇಷನರಿಯ ಅಂಗಡಿಗಳು ಒತ್ತೊತ್ತಾಗಿವೆ. ಕೈಯಿಂದ ಮುಟ್ಟಿ, ಬೆಳಕಿಗೆ ಹಿಡಿದು ನೋಡಿ ತರಬಹುದು.

ಕುಂಚದ ವಿಷಯ ಚಿಕ್ಕದು. ಹತ್ತು ಕುಂಚದ ಸೆಟ್ ಬೇಡ. 6 ಅಥವಾ 8ನೇ ನಂಬರಿನ ಒಂದು ದುಂಡು ಕುಂಚ ಸಾಕು. ಸಿಂಥೆಟಿಕ್ ಕೂದಲಿನದೇ ಇರಲಿ. ಅಂಗಡಿಯವರು ಒಪ್ಪಿದರೆ ನೀರಿನಲ್ಲಿ ಅದ್ದಿ ಒಮ್ಮೆ ಕೊಡವಿ ನೋಡಿ. ಕೂದಲೆಲ್ಲ ಸೇರಿ ಚೂಪಾಗಿ ನಿಂತರೆ ತಗೊಳ್ಳಿ. ಕವಲೊಡೆದರೆ, ಉದುರಿದರೆ ಬಿಟ್ಟುಬಿಡಿ. ಮನೆಯಲ್ಲಿ ಕುಂಚವನ್ನು ನೀರಿನ ಲೋಟದಲ್ಲಿ ತಲೆಕೆಳಗಾಗಿ ನಿಲ್ಲಿಸಿ ಹೋಗಬೇಡಿ. ತುದಿ ಬಗ್ಗಿಹೋಗುತ್ತದೆ. ಪೆನ್ಸಿಲ್ ಇನ್ನೂ ಸುಲಭ. ಬರೆಯುವ ಎಚ್‌ಬಿ ಮನೆಯಲ್ಲಿ ಇದ್ದೇ ಇರುತ್ತದೆ. ಅದರ ಜೊತೆ ಇನ್ನೂ ಮೆತ್ತಗೆ, ಕಪ್ಪಗೆ ಬರೆಯುವ ಒಂದು 4ಬಿ ಇದ್ದರೆ ನೆರಳು ಹಚ್ಚಲು ಬೇರೇನೂ ಬೇಡ.

ಈಗ ಬಣ್ಣ. ಹನ್ನೆರಡು ಬಿಲ್ಲೆಯ ಪೆಟ್ಟಿಗೆ ತಂದಿದ್ದೀರಿ ಅಂದುಕೊಳ್ಳಿ. ಮೊದಲ ದಿನ ಚಿತ್ರ ಬರೆಯಬೇಡಿ. ಒಂದು ಹಾಳೆಯಲ್ಲಿ ಹನ್ನೆರಡು ಮನೆ ಎಳೆಯಿರಿ. ಪ್ರತಿ ಬಿಲ್ಲೆಯ ಮೇಲೆ ಎರಡು ಹನಿ ನೀರು ಬಿಟ್ಟು ಐದು ನಿಮಿಷ ಕಾಯಿರಿ. ಅಗ್ಗದ ಬಿಲ್ಲೆ ಗಟ್ಟಿ ಇರುತ್ತದೆ, ನೆನೆಯದೆ ಬಣ್ಣ ಬಿಡುವುದಿಲ್ಲ. ತುಂಬಾ ಜನ ಇಲ್ಲೇ ಬೇಸರ ಮಾಡಿಕೊಳ್ಳುತ್ತಾರೆ. ನೆನೆದ ಮೇಲೆ ಪ್ರತಿ ಮನೆಯಲ್ಲಿ ಒಂದು ಕಡೆ ಗಾಢವಾಗಿ, ಇನ್ನೊಂದು ಕಡೆ ನೀರಾಗಿ ಹಚ್ಚಿ. ಒಣಗಲು ಬಿಡಿ. ಹಸಿಯಿದ್ದಾಗಿನ ಬಣ್ಣವೇ ಬೇರೆ, ಒಣಗಿದ ಮೇಲಿನದೇ ಬೇರೆ ಅಂತ ಆಗ ಗೊತ್ತಾಗುತ್ತದೆ. ಕೆಲವು ಬಣ್ಣ ಸುಣ್ಣ ಬಳಿದಂತೆ ಮಂಕಾಗುತ್ತವೆ, ಕೆಲವು ತಿಳಿಯಾಗಿ ಹೊಳೆಯುತ್ತವೆ. ಆ ಹೊಳೆಯುವ ನಾಲ್ಕೈದು ಬಣ್ಣಗಳೇ ನಿಮ್ಮ ನಿಜವಾದ ಪೆಟ್ಟಿಗೆ.

ಒಂದು ಹಳದಿ, ಒಂದು ಕಡುಗೆಂಪು, ಒಂದು ನೀಲಿ ಚೆನ್ನಾಗಿದ್ದರೆ ಉಳಿದದ್ದನ್ನು ಬೆರೆಸಿಕೊಳ್ಳಬಹುದು. ಪೆಟ್ಟಿಗೆಯ ಹಸಿರು ಹೆಚ್ಚಾಗಿ ಕಣ್ಣಿಗೆ ಹೊಡೆಯುತ್ತದೆ. ಅಂಥ ಹಸಿರಿನ ಎಲೆ ಯಾವ ಮರದಲ್ಲೂ ಇಲ್ಲ. ಅದಕ್ಕೆ ಕುಂಚದ ತುದಿಯಷ್ಟು ಕೆಂಪು ಸೇರಿಸಿ ನೋಡಿ, ಮಾವಿನ ಎಲೆಯ ಬಣ್ಣಕ್ಕೆ ಹತ್ತಿರ ಬರುತ್ತದೆ. ಕಂದು ಮತ್ತು ನೀಲಿ ಸೇರಿಸಿದರೆ ಮಳೆಮೋಡಕ್ಕೆ ಬೇಕಾದ ಬೂದು ಸಿಗುತ್ತದೆ. ಕಪ್ಪು ಬಿಲ್ಲೆಗೆ ನೀರು ಸೇರಿಸಿ ಮಾಡಿದ ಬೂದಿಗಿಂತ ಇದರಲ್ಲಿ ಜಾಸ್ತಿ ಜೀವ ಇರುತ್ತದೆ.

ಅದೇ ಹಾಳೆಯಲ್ಲಿ ಇನ್ನೊಂದು ಪರೀಕ್ಷೆ ಮಾಡಿ. ಬಣ್ಣದ ಮನೆಗಳ ಅರ್ಧ ಭಾಗದ ಮೇಲೆ ರಟ್ಟು ಮುಚ್ಚಿ, ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ತಿಂಗಳು ಇಡಿ. ರಟ್ಟು ತೆಗೆದಾಗ ಯಾವ ಬಣ್ಣ ನಿಂತಿದೆ, ಯಾವುದು ಮಾಸಿದೆ ಅಂತ ಎದುರಿಗೇ ಕಾಣುತ್ತದೆ. ಸ್ಕೆಚ್ ಪೆನ್ನಿನ ಗುಲಾಬಿ, ನೇರಳೆ ಬೇಗ ಮಾಸುವವು. ಹಾಗಂತ ಅವನ್ನು ಎಸೆಯಬೇಕಾಗಿಲ್ಲ. ಗೋಡೆಗೆ ಹಾಕುವ ಚಿತ್ರಕ್ಕೆ ಬಳಸಬೇಡಿ, ಮುಚ್ಚಿಡುವ ಪುಸ್ತಕದೊಳಗೆ ಬಳಸಿ. ಅಲ್ಲಿ ಬಹಳ ದಿನ ಇರುತ್ತವೆ.

ಸ್ಕೆಚ್ ಪೆನ್ನನ್ನು ನೀರು ಬಣ್ಣವಾಗಿ ಬಳಸಬಹುದು, ಗೊತ್ತಾ? ಸ್ಟೀಲ್ ತಟ್ಟೆಯ ಮೇಲೆ ದಟ್ಟವಾಗಿ ಗೀಚಿ, ಒದ್ದೆ ಕುಂಚದಿಂದ ಎತ್ತಿಕೊಳ್ಳಿ. ಕಪ್ಪು ಪೆನ್ನಿನಿಂದ ಟಿಶ್ಯೂ ಕಾಗದದ ಪಟ್ಟಿಯ ಮೇಲೆ ಒಂದು ಚುಕ್ಕೆ ಇಟ್ಟು, ಪಟ್ಟಿಯ ಕೆಳತುದಿ ಮಾತ್ರ ನೀರಿಗೆ ತಾಗುವ ಹಾಗೆ ಇಳಿಬಿಡಿ. ನೀರು ಮೇಲೇರುತ್ತಾ ಹೋದಂತೆ ಆ ಕಪ್ಪಿನೊಳಗಿಂದ ನೀಲಿ, ಕೆಂಪು, ಹಳದಿ ಬೇರೆಬೇರೆಯಾಗಿ ಹೊರಬರುತ್ತವೆ. ಪೆನ್ನಿನ ಕಂಪನಿ ಬದಲಾದರೆ ಬಣ್ಣಗಳೂ ಬದಲಾಗುತ್ತವೆ. ಮಕ್ಕಳಿಗೆ ಇದನ್ನು ಒಮ್ಮೆ ತೋರಿಸಿ, ಮನೆಯ ಪೆನ್ನುಗಳೆಲ್ಲ ಪರೀಕ್ಷೆಗೆ ಬರುತ್ತವೆ!

ಕ್ರೇಯಾನ್ ಡಬ್ಬಿಯಲ್ಲಿ ಯಾವಾಗಲೂ ಉಳಿದುಹೋಗುವುದು ಬಿಳಿ. ಬಿಳಿ ಹಾಳೆಯ ಮೇಲೆ ಅದು ಕಾಣುವುದಿಲ್ಲವಲ್ಲ. ಕಾಣದಿರುವುದೇ ಅದರ ಗುಣ. ಅದರಿಂದ ಒತ್ತಿ ಒಂದು ರಂಗೋಲಿ ಬರೆಯಿರಿ. ಮೇಲೆ ನೀಲಿ ನೀರು ಬಣ್ಣ ಬಳಿಯಿರಿ. ಮೇಣದ ಮೇಲೆ ನೀರು ನಿಲ್ಲುವುದಿಲ್ಲ. ರಂಗೋಲಿ ಬೆಳ್ಳಗೆ ಎದ್ದು ಬರುತ್ತದೆ. ಬಿಳಿ ಕ್ರೇಯಾನ್ ಇಲ್ಲದಿದ್ದರೆ ಮೇಣದಬತ್ತಿಯ ತುಂಡು ಸಾಕು.

ಅಡುಗೆಮನೆಯ ಅರಿಸಿನವನ್ನೂ ಮರೆಯಬೇಡಿ. ಅರಿಸಿನ ಕಲಸಿದ ನೀರನ್ನು ಹಾಳೆಗೆ ಬಳಿದು ಒಣಗಿಸಿ. ಬಟ್ಟೆ ಸೋಪು ಕದಡಿದ ನೀರಿನಲ್ಲಿ ಕಡ್ಡಿ ಅದ್ದಿ ಅದರ ಮೇಲೆ ಬರೆಯಿರಿ. ಗೆರೆ ಕೆಂಪಾಗುತ್ತದೆ. ಅರಿಸಿನಕ್ಕೆ ಸುಣ್ಣ ಸೇರಿದರೆ ಓಕುಳಿ ಕೆಂಪಾಗುವುದು ಇದೇ ಕಾರಣಕ್ಕೆ. ಕ್ಷಾರ ತಾಗಿದರೆ ಅರಿಸಿನದ ಬಣ್ಣ ತಿರುಗುತ್ತದೆ. ಮಕ್ಕಳ ಕೈಗೆ ಸುಣ್ಣ ಕೊಡಬೇಡಿ, ಕಣ್ಣಿಗೆ ಅಪಾಯ. ಸೋಪಿನ ನೀರೇ ಸಾಕು.

ಸುತ್ತಮುತ್ತ ಸಿಗುವುದರಲ್ಲೇ ಬಣ್ಣ ಮಾಡಿಕೊಳ್ಳುವುದರಲ್ಲಿ ನಮ್ಮವರು ಪಳಗಿದ ಕೈಗಳು. ಸಾಗರ, ಸೊರಬದ ಕಡೆ ದೀವರ ಸಮುದಾಯದ ಹೆಣ್ಣುಮಕ್ಕಳು ಮನೆಯ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರ ನೋಡಿ. ಬಿಳಿಗೆ ಅಕ್ಕಿ. ಕೆಂಪಿಗೆ ಕೆಮ್ಮಣ್ಣು. ಕಪ್ಪಿಗೆ ಹುರಿದು ಸುಟ್ಟ ಅಕ್ಕಿ. ಹಳದಿಗೆ ಗುರಿಗೆ ಕಾಯಿ. ಕುಂಚಕ್ಕೆ ಪುಂಡಿ ನಾರು. ಇಷ್ಟರಲ್ಲಿ ಅವರು ಎಳೆಯುವ ಗೆರೆ ಎಷ್ಟು ಸಣ್ಣ, ಎಷ್ಟು ನೇರ! ಮೈಸೂರು ಸಂಪ್ರದಾಯದ ಚಿತ್ರಕಾರರು ಸೀಸದ ಕಡ್ಡಿಯ ಬದಲು ಹುಣಸೆ ಕಡ್ಡಿಯ ಇದ್ದಿಲು ಬಳಸುತ್ತಿದ್ದರು. ಕಬ್ಬಿಣದ ಕೊಳವೆಯಲ್ಲಿ ಹುಣಸೆ ಕಡ್ಡಿ ತುಂಬಿ ಸುಡುತ್ತಿದ್ದರು. ರದ್ದಿ ಕಾಗದ ಅರೆದು ಹಲಗೆ ಮಾಡಿ, ಒಣಗಿಸಿ, ನಯವಾದ ಕಲ್ಲಿನಿಂದ ತಿಕ್ಕಿ ಹೊಳಪು ತರುತ್ತಿದ್ದರು. ತೀರ ಸಣ್ಣ ಗೆರೆಗೆ ಒಂದು ಜಾತಿಯ ಹುಲ್ಲಿನ ತುದಿ. ಚಿನ್ನದ ರೇಕು ಅಂಟಿಸುತ್ತಿದ್ದ ಕಲೆಯ ಕೆಳಗೂ ಇದ್ದದ್ದು ಹುಣಸೆ ಕಡ್ಡಿ ಮತ್ತು ರದ್ದಿ ಕಾಗದ.

ಈ ಇದ್ದಿಲನ್ನು ಹಳ್ಳಿಮನೆಯಲ್ಲಿ ಇವತ್ತೂ ಮಾಡಬಹುದು. ಸಿಪ್ಪೆ ತೆಗೆದ ಸಣ್ಣ ಕಡ್ಡಿಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ಒತ್ತಾಗಿ ತುಂಬಿ. ಬಿಗಿ ಮುಚ್ಚಳ, ಮುಚ್ಚಳಕ್ಕೆ ಒಂದು ಮೊಳೆಯ ತೂತು. ಅಂಗಳದಲ್ಲಿ ಕೆಂಡದ ಮೇಲಿಡಿ. ತೂತಿನಿಂದ ಹೊಗೆ ಬರುವುದು ನಿಂತರೆ ಆಯಿತು. ಪೂರ್ತಿ ತಣ್ಣಗಾಗುವ ತನಕ ತೆರೆಯಬೇಡಿ, ಗಾಳಿ ತಾಗಿದರೆ ಹೊತ್ತಿಕೊಂಡು ಬೂದಿಯಾಗುತ್ತದೆ. ಇದು ದೊಡ್ಡವರು ನಿಂತು ಮಾಡಬೇಕಾದ ಕೆಲಸ.

ಸರಿ, ಹಾಳೆ ಕೈಗೆ ತಗೊಳ್ಳಿ. ಕಣ್ಣಿಗೆ ತೋರಿಸಲು ನನಗೆ ಆಗುವುದಿಲ್ಲ, ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಹಾಳೆಯನ್ನು ಅಡ್ಡವಾಗಿ ಮೇಜಿನ ಮೇಲಿಡಿ. ಉದ್ದದ ಅಂಚು ನಿಮ್ಮ ಕಡೆ ಇರಲಿ. ಆ ಅಂಚನ್ನು ಎತ್ತಿ ಮೇಲಿನ ಅಂಚಿಗೆ ಸೇರಿಸಿ ಮಡಿಸಿ. ಉಗುರಿನಿಂದ ಗಟ್ಟಿಯಾಗಿ ತೀಡಿ. ಚಮಚದ ಬೆನ್ನಿನಿಂದ ತೀಡಿದರೆ ಇನ್ನೂ ಚೆಂದ. ಈಗ ಬಿಚ್ಚಿ. ಹಾಳೆಯ ನಡುವೆ ಉದ್ದಕ್ಕೆ ಒಂದು ಗೆರೆ ಬಿದ್ದಿದೆ, ಅಲ್ವಾ?

ಈಗ ಎಡದ ಅಂಚನ್ನು ಬಲದ ಅಂಚಿಗೆ ತಂದು ಮಡಿಸಿ. ತೀಡಿ. ಇದನ್ನು ಬಿಚ್ಚಬೇಡಿ. ಮಡಿಕೆ ಎಡಗಡೆ ಇದೆ, ತೆರೆದ ಅಂಚು ಬಲಗಡೆ. ಆ ಬಲದ ಅಂಚುಗಳೆರಡನ್ನೂ ಒಟ್ಟಿಗೆ ಎಡದ ಮಡಿಕೆಗೆ ತಂದು ಇನ್ನೊಮ್ಮೆ ಮಡಿಸಿ. ತೀಡಿ. ಈ ಕೊನೆಯ ಮಡಿಕೆಯನ್ನು ಮಾತ್ರ ಬಿಚ್ಚಿ.

ಕತ್ತರಿ ತಗೊಳ್ಳಿ. ಎಡಗಡೆ, ಮಡಿಕೆ ಇರುವ ಕಡೆಯಿಂದ, ನಡುವಿನ ಅಡ್ಡ ಗೆರೆಯ ಮೇಲೇ ಕತ್ತರಿಸುತ್ತಾ ಬನ್ನಿ. ಈಗಷ್ಟೇ ಬಿಚ್ಚಿದ ಮಡಿಕೆಯ ಗೆರೆ ಸಿಕ್ಕ ಕೂಡಲೇ ನಿಲ್ಲಿಸಿ. ಅರ್ಧ ಮಾತ್ರ. ಪೂರ್ತಿ ಕತ್ತರಿಸಿದರೆ ಎರಡು ತುಂಡಾಗುತ್ತದೆ.

ಹಾಳೆಯನ್ನು ಪೂರ್ತಿ ಬಿಚ್ಚಿ. ಎಂಟು ಮನೆಗಳು, ನಡುವೆ ಒಂದು ಸೀಳು. ಮೊದಲು ಮಡಿಸಿದ ಹಾಗೆ ಉದ್ದಕ್ಕೆ ಮತ್ತೆ ಮಡಿಸಿ. ಎರಡೂ ತುದಿ ಹಿಡಿದು ಒಂದರ ಕಡೆಗೆ ಇನ್ನೊಂದನ್ನು ನೂಕಿ. ಸೀಳು ಬಾಯಿ ತೆರೆಯುತ್ತದೆ. ಇನ್ನೂ ನೂಕಿ. ನಾಲ್ಕು ರೆಕ್ಕೆಯಾಗಿ ನಿಲ್ಲುತ್ತದೆ. ಅವನ್ನು ಒಂದೇ ಕಡೆಗೆ ಸುತ್ತಿ ಮಡಿಸಿಬಿಡಿ. ಎಂಟು ಪುಟದ ಪುಸ್ತಕ ನಿಮ್ಮ ಕೈಯಲ್ಲಿದೆ. ಅಂಟಿಲ್ಲ, ದಾರವಿಲ್ಲ, ಪಿನ್ನಿಲ್ಲ.

ಆ ಪುಸ್ತಕವನ್ನು ದೊಡ್ಡ ಹಾಳೆಯ ಪಕ್ಕ ಇಟ್ಟು ನೋಡಿ. ಆಕಾರ ಅದೇ, ಅಳತೆ ಮಾತ್ರ ಚಿಕ್ಕದು. ಎ4 ಹಾಳೆ 210 ಮಿಲಿಮೀಟರ್ ಅಗಲ, 297 ಉದ್ದ. ಅರ್ಧ ಮಡಿಸಿದರೆ ಎ5, ಮತ್ತೆ ಮಡಿಸಿದರೆ ಎ6, ಇನ್ನೊಮ್ಮೆ ಮಡಿಸಿದರೆ ಎ7. ಎಲ್ಲದರ ಆಕಾರ ಒಂದೇ. ಉದ್ದವು ಅಗಲದ 1.414 ಪಟ್ಟು, ಅಂದರೆ ಎರಡರ ವರ್ಗಮೂಲದಷ್ಟು ಇದ್ದಾಗ ಮಾತ್ರ ಹೀಗಾಗುತ್ತದೆ. 1922ರಲ್ಲಿ ಜರ್ಮನಿಯಲ್ಲಿ ಈ ಅಳತೆಯನ್ನು ಗೊತ್ತುಮಾಡಿದರು. ಹದಿನಾರು ಎ4 ಹಾಳೆ ಜೋಡಿಸಿದರೆ ಒಂದು ಚದರ ಮೀಟರ್. ಹಾಗಾಗಿ 80 ಜಿಎಸ್‌ಎಂ ಹಾಳೆ ಒಂದರ ತೂಕ ಹತ್ತಿರಹತ್ತಿರ 5 ಗ್ರಾಂ. ಕಾಗದ ಮಡಿಸುತ್ತಲೇ ಗಣಿತ ಕಲಿಸಬಹುದು ಅಂತ ನಮ್ಮ ದಕ್ಷಿಣದವರೇ ಒಬ್ಬರು, ಟಿ. ಸುಂದರ ರಾವ್, 1893ರಲ್ಲೇ ಮದರಾಸಿನಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದರು. ಮಡಿಕೆಗಳಿಂದಲೇ ರೇಖಾಗಣಿತ. ನಮ್ಮ ಶಾಲೆಗಳಲ್ಲಿ ಇದು ಇನ್ನೂ ಎಷ್ಟೋ ಹೆಚ್ಚು ನಡೆಯಬೇಕು ಅನ್ನುವುದು ನನ್ನ ಆಸೆ.

ಮಡಿಸುವಾಗ ಒಂದು ಗಮನಿಸಿದಿರಾ? ಒಂದು ದಿಕ್ಕಿನ ಮಡಿಕೆ ಸಲೀಸಾಗಿ ಬಂತು, ಇನ್ನೊಂದು ಸ್ವಲ್ಪ ಮೊಂಡು ಮಾಡಿತು. ಕಾರ್ಖಾನೆಯಲ್ಲಿ ಕಾಗದದ ತಿರುಳು ಓಡುವ ಜಾಲರಿಯ ಮೇಲೆ ಹರಿಯುತ್ತದೆ. ಓಡುವ ದಿಕ್ಕಿಗೇ ನಾರುಗಳು ಮಲಗುತ್ತವೆ. 1936ರಲ್ಲಿ ಸ್ಥಾಪನೆಯಾಗಿ ಹಿಂದೆ ಭದ್ರಾವತಿಯಲ್ಲಿ ನಡೆಯುತ್ತಿದ್ದ ಕಾಗದದ ಕಾರ್ಖಾನೆಯಾಗಲಿ, ದಾಂಡೇಲಿಯದಾಗಲಿ, ಯಂತ್ರದ ಕಾಗದಕ್ಕೆಲ್ಲ ಈ ಎಳೆ ಇರುತ್ತದೆ. ದಿನಪತ್ರಿಕೆಯನ್ನು ಮೇಲಿನಿಂದ ಕೆಳಕ್ಕೆ ಹರಿಯಿರಿ, ನೇರವಾಗಿ ಬರುತ್ತದೆ. ಅಡ್ಡಕ್ಕೆ ಹರಿಯಿರಿ, ಸೊಟ್ಟ ಹೋಗುತ್ತದೆ. ದಪ್ಪ ರಟ್ಟಿನಲ್ಲಿ ಇದು ತುಂಬಾ ಮುಖ್ಯ. ರಟ್ಟನ್ನು ಎರಡೂ ಕಡೆಗೆ ಮೆಲ್ಲಗೆ ಬಗ್ಗಿಸಿ ನೋಡಿ, ಯಾವ ಕಡೆ ಸುಲಭವಾಗಿ ಬಗ್ಗುತ್ತದೋ ಆ ಕಡೆಗೇ ಮಡಿಸಿ. ಇಲ್ಲದಿದ್ದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಮಡಿಸುವ ಮುಂಚೆ ಸ್ಕೇಲ್ ಇಟ್ಟು, ಇಂಕು ಮುಗಿದ ಬಾಲ್ ಪೆನ್ನಿನಿಂದ ಒತ್ತಿ ಒಂದು ಗೆರೆ ಎಳೆದುಕೊಳ್ಳಿ. ಕೈ ಪಳಗಿದವರ ಕೆಲಸದ ಹಾಗೆ ಮಡಿಕೆ ಬೀಳುತ್ತದೆ.

ಅಂಟಿನ ಬಗ್ಗೆಯೂ ಹೇಳಿಬಿಡುತ್ತೇನೆ. ರಟ್ಟಿಗೆ ರಟ್ಟು ಸೇರಿಸಲು ಫೆವಿಕಾಲ್ ತರದ ಬಿಳಿ ಅಂಟು ಒಳ್ಳೆಯದು. ದೊಡ್ಡ ಹಾಳೆಯನ್ನು ರಟ್ಟಿಗೆ ಹೊದಿಸಲು ನನಗೆ ಮೈದಾ ಅಂಟೇ ಇಷ್ಟ. ಬೇಗ ಹಿಡಿಯುವುದಿಲ್ಲ, ಸೊಟ್ಟಗಾದರೆ ಸರಿಸಲು ಹೊತ್ತು ಸಿಗುತ್ತದೆ. ಒಂದು ಚಮಚ ಮೈದಾಕ್ಕೆ ಐದಾರು ಚಮಚ ತಣ್ಣೀರು. ಗಂಟಿಲ್ಲದ ಹಾಗೆ ಕದಡಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ. ಬಿಳುಪು ಹೋಗಿ ಅರೆ ಪಾರದರ್ಶಕವಾದಾಗ ಇಳಿಸಿ. ಎರಡು ದಿನದೊಳಗೆ ಬಳಸಿ. ಹುಳ ಬಾರದಿರಲಿ ಅಂತ ಬೈಂಡಿಂಗ್ ಮಾಡುವವರು ಮೈಲುತುತ್ತ ಬೆರೆಸುವುದುಂಟು. ಅದು ವಿಷ, ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಅಂಟಿಸಿದ ಮೇಲೆ ಮೇಲೆ ಕೆಳಗೆ ಹಳೆಯ ಪೇಪರ್ ಇಟ್ಟು, ನಾಲ್ಕು ದಪ್ಪ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಇಲ್ಲದಿದ್ದರೆ ರಟ್ಟು ಬಾಗುತ್ತದೆ.

ಎಂಟು ಪುಟ ಸಾಲದು, ನೀರು ಬಣ್ಣ ಹಚ್ಚುವ ದೊಡ್ಡ ಪುಸ್ತಕ ಬೇಕು ಅನ್ನುವವರಿಗೆ ಇನ್ನೊಂದು ಕೆಲಸ. ದಪ್ಪ ಡ್ರಾಯಿಂಗ್ ಶೀಟನ್ನು ಕತ್ತರಿಸಿ ನಾಲ್ಕೈದು ಹಾಳೆ ಮಾಡಿ. ಒಟ್ಟಿಗೆ ಅರ್ಧಕ್ಕೆ ಮಡಿಸಿ. ಹೊರಗಡೆ ಲಗ್ನಪತ್ರಿಕೆಯ ರಟ್ಟು. ಬೆನ್ನಿನ ಮಡಿಕೆಯಲ್ಲಿ ದಬ್ಬಳದಿಂದ ಮೂರು ತೂತು ಮಾಡಿ, ನಡುವೆ ಒಂದು, ಮೇಲೆ ಒಂದು, ಕೆಳಗೆ ಒಂದು. ದಪ್ಪ ನೂಲಿಗೆ ಮೇಣದಬತ್ತಿ ಉಜ್ಜಿ ಸೂಜಿಗೆ ಪೋಣಿಸಿ. ನಡುವಿನ ತೂತಿನಲ್ಲಿ ಒಳಗಿನಿಂದ ಹೊರಕ್ಕೆ ಬನ್ನಿ, ಬಾಲ ಸ್ವಲ್ಪ ಒಳಗೇ ಉಳಿಯಲಿ. ಮೇಲಿನ ತೂತಿನಿಂದ ಒಳಕ್ಕೆ ಹೋಗಿ. ಒಳಗೇ ನಡುವಿನ ತೂತನ್ನು ದಾಟಿ ಕೆಳಗಿನ ತೂತಿನಿಂದ ಹೊರಕ್ಕೆ. ಮತ್ತೆ ನಡುವಿನ ತೂತಿನಿಂದ ಒಳಕ್ಕೆ. ಈಗ ನೂಲಿನ ಎರಡು ತುದಿಗಳೂ ಒಳಗೆ ಸೇರಿದವು. ಉದ್ದಕ್ಕೆ ಹಾದ ನೂಲಿನ ಆಚೆಗೊಂದು, ಈಚೆಗೊಂದು ತುದಿ ಬರುವ ಹಾಗೆ ಎಳೆದು ಗಂಟು ಹಾಕಿ. ನೂಲನ್ನು ಮಡಿಕೆಯ ಉದ್ದಕ್ಕೇ ಎಳೆಯಿರಿ, ಮೇಲಕ್ಕೆತ್ತಿ ಎಳೆದರೆ ಕಾಗದ ಹರಿಯುತ್ತದೆ. ಹಾಳೆಗಳನ್ನು ಕತ್ತರಿಸುವ ಮುಂಚೆಯೇ ಎಳೆ ನೋಡಿಕೊಂಡು, ಅದು ಬೆನ್ನಿನ ಉದ್ದಕ್ಕೆ ಬರುವ ಹಾಗೆ ಮಾಡಿಕೊಂಡರೆ ಪುಸ್ತಕ ಮೇಜಿನ ಮೇಲೆ ಮಲಗಿದಂತೆ ತೆರೆದುಕೊಳ್ಳುತ್ತದೆ.

ಮೊದಲ ಪುಟಕ್ಕೆ ನಿಮ್ಮ ಪೆಟ್ಟಿಗೆಯ ಬಣ್ಣಗಳ ಪಟ್ಟಿ ಹಚ್ಚಿ, ಪಕ್ಕದಲ್ಲಿ ಹೆಸರು ಬರೆದಿಡಿ. ಎರಡನೇ ಪುಟದಿಂದ ಮನೆಯಲ್ಲಿ ಎದುರಿಗಿರುವುದನ್ನು ಬರೆಯಿರಿ. ಬದನೆಕಾಯಿ, ಚಪ್ಪಲಿ, ಬೀಗ, ಮಲಗಿರುವ ಬೆಕ್ಕು, ಯಾವುದಾದರೂ ಸರಿ. ನಮಸ್ಕಾರ.